ಬರ್ನಾರ್ಡನ ಕಾಲುವೆ

ಒಫೆಲಿಯಾ ಲೆಡ್ವಿತ್‌ಗೆ ಎಪ್ಪತ್ತು ದಾಟಿತ್ತು. ಅರ್ಜೆಂಟೀನಾದ ಹುಲ್ಲುಬಯಲಿನ ಸಾನ್ ಮೆಲಿತೋನ್ ಊರಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾಗಿದ್ದಳು. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಆದರೂ ಕಟುಕನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರ ಬಾಯಲ್ಲೂ ಅವಳು 'ಇಂಗ್ಲಿಷಮ್ಮ'.

"ಇಂಗ್ಲಿಷರಲ್ಲ ಕಣ್ರೋ, ಐರಿಷರು! ಆ ಇಂಗ್ಲಿಷರ ಕಾಟ ತಡೀಲಾರದೆ ತಾನೇ ನಮ್ಮೋರು ಹಡಗು ಹತ್ತಿದ್ದು!" ಎಂದು ಐವತ್ತು ವರ್ಷ ಬಾಯಿ ಬಡಿದುಕೊಂಡಿದ್ದಾಳೆ.

"ಆಯ್ತು ಇಂಗ್ಲಿಷಮ್ಮ, ಅರ್ಧ ಕಿಲೋ ಸಾಕಾ?" ಎಂದು ಕಟುಕ ಮಾಂಸ ತೂಗುತ್ತಾನೆ.

ಅದನ್ನಾದರೂ ಸಹಿಸಬಹುದಿತ್ತು. ಆ ವರ್ಷ ಅವಳ ತಲೆ ಕೆಡಿಸಿದ್ದು ಬೇರೆ ಸಂಗತಿ. ಊರಿಗೆ ನೂರೈವತ್ತು ತುಂಬುತ್ತಿತ್ತು. ಊರು ಕಟ್ಟಿದ ಐರಿಷರನ್ನು ಗೌರವಿಸಬೇಕೆಂದು ಪುರಸಭೆಗೂ ಐರಿಷ್ ಸಂಘಕ್ಕೂ ಒಟ್ಟಿಗೇ ಜ್ಞಾನೋದಯವಾಗಿ, 'ಐರಿಷ್ ಚೌಕ' ಕಟ್ಟುವುದೆಂದು ತೀರ್ಮಾನವಾಯಿತು. ನಡುವೆ ಐರಿಷರ ಗುರುತಾದ ಮೂರೆಲೆಯ ಆಕಾರದ ಕಾರಂಜಿ, ಸುತ್ತ ಬೆಂಚುಗಳು. ಜಾಗ ಯಾವುದು ಅಂತೀರಿ? ಊರಂಚಿನ ಹಳೇ ಕಾಲುವೆ. ಅದನ್ನು ಮುಚ್ಚಿ, ಅದರ ಮೇಲೆ ಚೌಕ. ಆ ಕಾಲುವೆ ತೋಡಿದ್ದೇ ಒಬ್ಬ ಐರಿಷ್ ಮನುಷ್ಯ, ಒಫೆಲಿಯಾಳ ಮುತ್ತಜ್ಜ ಬರ್ನಾರ್ಡ್ ಲೆಡ್ವಿತ್. ಐರಿಷರ ಗೌರವಕ್ಕೆಂದು ಐರಿಷನ ದುಡಿಮೆಯ ಮೇಲೆ ಮಣ್ಣು ಹಾಕುವ ಈ ಬುದ್ಧಿವಂತಿಕೆಗೆ ಏನನ್ನಬೇಕೋ ಅವಳಿಗೆ ತಿಳಿಯಲಿಲ್ಲ.

ತಂತಿಬೇಲಿ ಬರುವ ಮುಂಚೆ ಒಬ್ಬರ ಕುರಿ ಇನ್ನೊಬ್ಬರ ಮಂದೆಗೆ ಸೇರದಂತೆ ಮೈಲುಗಟ್ಟಲೆ ಕಾಲುವೆ ತೋಡಿಸುತ್ತಿದ್ದರು. ಕುದುರೆಯಿಂದ ಇಳಿದು ಕೆಲಸ ಮಾಡುವುದೇ ಮಾನಹಾನಿ ಎನ್ನುತ್ತಿದ್ದರು ಇಲ್ಲಿನ ದನಗಾಹಿ ಗೌಚೋಗಳು. ಹಾಗಾಗಿ ಸನಿಕೆ ಬಿದ್ದದ್ದು ಐರ್ಲೆಂಡಿನ ವೆಸ್ಟ್‌ಮೀತ್ ಕಡೆಯಿಂದ ಬರಿಗೈಯಲ್ಲಿ ಬಂದ ಹುಡುಗರ ಕೈಗೆ. 'ಅಮ್ಮಾ, ದಿನಕ್ಕೆ ಹನ್ನೆರಡು ಗಜ ತೋಡುತ್ತೇನೆ. ಅಂಗೈ ಈಗ ಮರದ ತೊಗಟೆಯಾಗಿದೆ, ನೀನು ಹಿಡಿದರೆ ಗುರುತು ಸಿಗಲಿಕ್ಕಿಲ್ಲ' ಎಂದು ಬರ್ನಾರ್ಡ್ ಬರೆದು, ಕಳಿಸದೆ ಉಳಿಸಿದ ಕಾಗದ ಒಫೆಲಿಯಾಳ ಕಪಾಟಿನ ಬಿಸ್ಕತ್ ಡಬ್ಬಿಯಲ್ಲಿತ್ತು. ಪುಣ್ಯಾತ್ಮ ಇಳಿಜಾರು ನೋಡಿ ತೋಡಿದ್ದ. ಊರಿನ ಮಳೆನೀರೆಲ್ಲ ಇವತ್ತಿಗೂ ಅದರಲ್ಲೇ ಹರಿದು ಹೊಳೆ ಸೇರುತ್ತಿತ್ತು.

ಕಾಲುವೆಯ ಆಚೆ ತಗ್ಗಿನ ಬೀದಿಯಲ್ಲಿ ಬಟ್ಟೆ ಒಗೆದು ಬದುಕುವ ರಮೋನಾ ಸುದ್ದಿ ಕೇಳಿ ಓಡಿ ಬಂದಳು. "ಟೀಚರಮ್ಮಾ, ಹೋದ್ಸಲ ಬರೀ ಕಸ ಕಟ್ಕೊಂಡಿದ್ದಕ್ಕೇ ನನ್ನ ಮಂಚದ ಮಟ್ಟ ನೀರು ಬಂದಿತ್ತು. ಪೂರ್ತಿ ಮುಚ್ಚಿದ್ರೆ ನಾವೇನು ಸೂರಿನ ಮೇಲೆ ಮಲಗೋದಾ?"

ಒಫೆಲಿಯಾ ನಕ್ಷೆ ಬರೆದುಕೊಂಡು ಸಂಘದ ಸಭೆಗೆ ಹೋದಳು. ಅಧ್ಯಕ್ಷ ಎಡ್ಮುಂಡೊ ಗೇನರ್ ದೂರದ ನೆಂಟ. ಈ ಊರಿನ ಐರಿಷರಲ್ಲಿ ನೆಂಟನಲ್ಲದವನು ಯಾರು? ಅವನು ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟ.

"ಒಫೆಲಿಯಾ, ಐರ್ಲೆಂಡಿನ ರಾಯಭಾರಿ ಬರ್ತಿದ್ದಾರೆ. ಅವರಿಗೆ ಚರಂಡಿ ತೋರ್ಸೋದಾ?"

"ಚರಂಡಿ ಅಲ್ವೋ, ನಮ್ಮ ಮುತ್ತಜ್ಜ ತೋಡಿದ ಕಾಲುವೆ. ನಿನ್ನ ಮುತ್ತಜ್ಜನೂ ಅವನ ಪಕ್ಕದಲ್ಲೇ ಸನಿಕೆ ಹಿಡಿದಿದ್ದ, ಮರೆತ್ಯಾ?"

ಸಭೆಯಲ್ಲಿ ಯಾರೋ ಕೆಮ್ಮಿದರು. ಗೋಡೆಯ ತುಂಬ ಹಿರಿಯರ ಪಟಗಳು. ಒಬ್ಬ ಕುದುರೆಯ ಮೇಲೆ, ಒಬ್ಬ ಕೋಟಿನ ಜೇಬಿನಲ್ಲಿ ಗಡಿಯಾರದ ಸರಪಳಿ ಇಳಿಬಿಟ್ಟುಕೊಂಡು. ಸನಿಕೆ ಹಿಡಿದವನು ಒಬ್ಬನೂ ಇರಲಿಲ್ಲ.

"ನಮ್ಮೋರು ಈ ದೇಶಕ್ಕೆ ಕುರಿ ಸಾಕೋದು ಕಲಿಸಿದೋರು, ಶಾಲೆ ಕಟ್ಟಿದೋರು. ಆ ಗುಂಡಿ ಪುರಾಣ ಈಗ ಯಾಕೆ?" ಎಂದ ಎಡ್ಮುಂಡೊ.

"ಗುಂಡಿ ತೋಡಿದ ಕೂಲೀಲೇ ಕಣೋ ಕುರಿ ಬಂದಿದ್ದು!"

ಕೈ ಎತ್ತಿಸಿದರು. ಇಪ್ಪತ್ತೆರಡು ನುಣುಪು ಕೈಗಳು ಚೌಕದ ಪರವಾಗಿ ಮೇಲೆದ್ದವು. ಒಫೆಲಿಯಾ ನಕ್ಷೆ ಸುತ್ತಿಕೊಂಡು ಮನೆಗೆ ಬಂದು, ಬಾಗಿಲು ದಢಾರನೆ ಹಾಕಿದಳು. ಅತ್ತಳೂ ಕೂಡ, ಸಿಟ್ಟಿಗೆ.

ಸೋಮವಾರ ಮಣ್ಣಿನ ಲಾರಿಗಳು ಬರುವುದಿತ್ತು. ಶನಿವಾರ ಸಂಜೆ ಐದಕ್ಕೆ ಸರಿಯಾಗಿ ಎಡ್ಮುಂಡೊ ರಾಜಿಗೆಂದು ಬಂದ. ಐದು ಗಂಟೆಗೆ ಮನೆಗೆ ಬಂದ ಐರಿಷನಿಗೆ ಟೀ ಕೊಡದೆ ಕಳಿಸುವುದು ಅವಳಿಂದಾಗದು. ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತ ಅವನು ಹೇಳಿದ:

"ನೋಡು, ಅದೇ ಯಾವನಾದ್ರೂ ದೊಡ್ಡ ಜಮೀನ್ದಾರ ತನ್ನ ಬಂಗಲೆ ರಕ್ಷಣೆಗೆ ತೋಡಿಸಿದ ಕಂದಕ ಆಗಿದ್ರೆ ಮಾತೇ ಬೇರೆ. ಅದು ಇತಿಹಾಸ. ಕಂಬಿ ಹಾಕಿಸ್ಬಹುದಿತ್ತು, ಫಲಕ ನಿಲ್ಲಿಸ್ಬಹುದಿತ್ತು."

ಒಫೆಲಿಯಾಳ ಕೈಯಲ್ಲಿದ್ದ ಟೀ ಕಪ್ಪು ಹಾಗೇ ನಿಂತಿತು. ಮೂವತ್ತೊಂದು ವರ್ಷದಲ್ಲಿ ನಕ್ಷೆಯ ಮೇಲೆ ಒಂದು ನದಿ ಅತ್ತಿತ್ತ ಸರಿದರೂ ಮಕ್ಕಳನ್ನು ಬಿಡದ ಹೆಂಗಸು ಅವಳು. ರಮೋನಾಳ ಮಂಚ ಕಣ್ಣ ಮುಂದೆ ಬಂತು.

"ಜಮೀನ್ದಾರನೇ ಆಗಿದ್ದ," ಎಂದಳು.

"ಯಾರು?"

"ಮುತ್ತಜ್ಜ. ದಾಳಿ ಆಗುತ್ತೆ ಅಂತ ಆಳು ಇಟ್ಟು ತೋಡಿಸಿದ್ದು. ಮನೇಲಿ ಹೇಳ್ತಿದ್ರು."

"ಅಯ್ಯೋ ಪುಣ್ಯಾತ್‌ಗಿತ್ತಿ! ಸಭೇಲಿ ಆ ಸನಿಕೆ ಕತೆ ಬಿಟ್ಟು ಇದನ್ನೇ ಹೇಳೋದಲ್ವಾ? ದಾಖಲೆ ಏನಾದ್ರೂ ಇದ್ಯಾ?"

ಬಿಸ್ಕತ್ ಡಬ್ಬಿ ಅವನ ಬೆನ್ನ ಹಿಂದೆಯೇ ಇತ್ತು.

"ಒಂದು ಕಾಗದ ಇತ್ತು. ಇಲಿ ತಿಂದ್ವು," ಎಂದಳು ಒಫೆಲಿಯಾ. ಅವನು ಖುಷಿಯಲ್ಲಿ ಇನ್ನೊಂದು ತುಂಡು ಬ್ರೆಡ್ ತೆಗೆದುಕೊಂಡ.

ಲಾರಿಗಳು ಬರಲಿಲ್ಲ. ಚೌಕ ಬಸ್ ನಿಲ್ದಾಣದ ಪಕ್ಕಕ್ಕೆ ಹೋಯಿತು. ಆ ಕಾರಂಜಿಯಿಂದ ಸೋರುವ ನೀರೂ ಈಗ ಬರ್ನಾರ್ಡನ ಕಾಲುವೆಗೇ ಬರುತ್ತದೆ. ಐರಿಷರ ಸಂತ ಪ್ಯಾಟ್ರಿಕ್ ಹಬ್ಬದ ದಿನ ರಾಯಭಾರಿ ಕಾಲುವೆಯ ದಡದಲ್ಲಿ ಫಲಕದ ಪರದೆ ಸರಿಸಿದರು. 'ಜಮೀನ್ದಾರ ದೊನ್ ಬರ್ನಾರ್ಡೊ ಲೆಡ್ವಿತ್ ಅವರು ಆಳುಗಳಿಂದ ತೋಡಿಸಿದ ಕಂದಕ.' ಎಲ್ಲರೂ ಚಪ್ಪಾಳೆ ತಟ್ಟಿದರು. ರಮೋನಾ ಒಫೆಲಿಯಾಳ ಕೈ ಹಿಡಿದು ಮುತ್ತಿಟ್ಟಳು. ಒಫೆಲಿಯಾಗೆ ಮಾತ್ರ ಆ ಫಲಕ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಫಲಕ ಹಾಕಿದವರು ಹೂಳು ತೆಗೆಯುತ್ತಾರೆಯೇ? ತಿಂಗಳಿಗೊಮ್ಮೆ ಅವಳೇ ಮುತ್ತಜ್ಜನ ಸನಿಕೆ ಹಿಡಿದು ಇಳಿಯುತ್ತಾಳೆ. ಕಳೆದ ಸಲ ಮೊಣಕಾಲುದ್ದ ಕೆಸರಿನಲ್ಲಿದ್ದಾಗ ಐರ್ಲೆಂಡಿನಿಂದ ಬಂದ ಗಂಡಹೆಂಡತಿ ಫಲಕದ ಫೋಟೋ ತೆಗೆದುಕೊಂಡರು. ಹೆಂಡತಿ ಬಗ್ಗಿ ನೋಡಿ ಮೆಲ್ಲಗೆ ಕೇಳಿದಳು:

"ಅಮ್ಮಾ, ನೀವು ಈ ಜಮೀನ್ದಾರರ ಮನೆ ಕೆಲಸದವರಾ?"

ಒಫೆಲಿಯಾ ಹಣೆಯ ಬೆವರು ಒರೆಸಿಕೊಂಡು ಫಲಕದ ಕಡೆ ನೋಡಿದಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು.

"ಹೂಂ," ಎಂದಳು. "ನಾಲ್ಕು ತಲೆಮಾರಿಂದ ನಾವೇ ಇದನ್ನ ತೋಡ್ತಿರೋದು."