ತೂಡಾ ಚಿಕ್ಕಮ್ಮನ ಚಹಾ

ನಮ್ಮ ಅಟ್ಲಾಸ್ ಬೆಟ್ಟದ ಹಳ್ಳಿಗಳಲ್ಲಿ ಯಾವ ಹೆಂಗಸು ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಬಂದರೂ ಮರುದಿನವೇ ತೂಡಾ ಚಿಕ್ಕಮ್ಮ ಕತ್ತೆ ಏರಿ ಹಾಜರು. "ಆಮೇಲೆ ಅಳುವಿಯಂತೆ, ಮೊದ್ಲು ಪುದೀನ ಚಹಾ ತರ್ಸು. ನನ್ನವೆರಡನ್ನೂ ಕೊಯ್ದ ಡಾಕ್ಟ್ರು ನಾಲಿಗೆ ಬಿಟ್ಟಿದ್ದೇ ತಪ್ಪಾಯ್ತು!" ಎನ್ನುತ್ತಾಳೆ. ಅಂಗಿಯೊಳಗಿನ ಉಣ್ಣೆಯುಂಡೆ ಜಾರಿದರೆ ಗಂಡಸರ ಮುಂದೆಯೇ ಎತ್ತಿ ಕೂರಿಸಿಕೊಳ್ಳುತ್ತಾಳೆ. ಸಕ್ಕರೆ ಸಾಲದೆಂದು ಮನೆಯವರನ್ನೆಲ್ಲ ಗದರುತ್ತಾಳೆ. ತನ್ನ ಲೋಟ ತುಂಬಿದ್ದರೂ ಕಾಯಿಲೆಯವಳ ಲೋಟವನ್ನೇ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಸೊರ್ರನೆ ಹೀರುತ್ತಾಳೆ. ನಾನು ಆಪರೇಷನ್ ಮುಗಿಸಿ ಬಂದಾಗ ನನ್ನದನ್ನೂ ಕಿತ್ತುಕೊಂಡಳು. "ನಿಂಗೆ ಬೇರೆ ಲೋಟ ಇಟ್ಟಿದೀವಲ್ಲ ಚಿಕ್ಕಮ್ಮ!" ಎಂದು ರೇಗಿದೆ. "ನಾ ಆಸ್ಪತ್ರೆಯಿಂದ ಬಂದ ದಿನ ನಮ್ಮತ್ತೆನೂ ನಂಗೆ ಬೇರೆ ಲೋಟ ಇಟ್ಟಿದ್ಳು ಕಣೇ, ಅಂಟುರೋಗ ಅಂತ," ಎಂದವಳೇ, ನನ್ನ ಲೋಟದಲ್ಲಿ ಮಿಕ್ಕ ಚಹಾವನ್ನು ಪಕ್ಕದಲ್ಲೇ ಕೂತಿದ್ದ ನನ್ನ ಅತ್ತೆಯ ಬಾಯಿಗೆ ಹಿಡಿದಳು.