ಬಡಿಸುವವರು ಕೂತ ಬೋಗಿ

ಕಾಕಾ ಅವರ ಉಗುರುಸಂದಿಯಲ್ಲಿ ಯಾವಾಗಲೂ ಬೆಳ್ಳಿ ಬಣ್ಣ. ನಮ್ಮನೆಯ ನೀರುದೋಸೆ ಮುರಿಯುವಾಗಲೂ ಅದು ಮಿನುಗುತ್ತಿತ್ತು.

ಕೊಲ್ಲಿ ನಾಡಿನ ಅಲ್ ಗುಬ್ರಾದಲ್ಲಿ ನಮ್ಮ ಮೇಲಿನ ಫ್ಲ್ಯಾಟು ಅವರದು. ಧಾರವಾಡ ಕಡೆಯವರು, ಸಮುದ್ರದ ನೀರು ಸಿಹಿ ಮಾಡುವ ಸ್ಥಾವರದಲ್ಲಿ ಟೆಕ್ನಿಷಿಯನ್. ರಜೆ ಬಂತೆಂದರೆ, ಎಂದೋ ನಿಂತುಹೋದ ಅಮೆರಿಕದ ರೈಲೊಂದರ ಪ್ಯಾಸೆಂಜರ್ ಬೋಗಿಗಳನ್ನು ಗೇಣುದ್ದದ ಮಾದರಿ ಮಾಡಿ, ಬಣ್ಣ ಬಳಿದು ಕೂಡಿಸುತ್ತಿದ್ದರು. ಗೀರುಗೀರಿನ ಸ್ಟೀಲಿನ ಮೈ, ಒಂದಕ್ಕೆ ಗಾಜಿನ ಚಾವಣಿ, ದೀಪ ಹತ್ತುವ ಊಟದ ಬೋಗಿ.

ನನ್ನ ಅಪ್ಪ ಸಮಾರಂಭಗಳಿಗೆ ಅಡುಗೆ ಮಾಡುವವರು. ಕೈ ಸಾಲದೆ, ನನ್ನ ಓದು ಬಿಡಿಸುವ ಮಾತು ಬಂತು. ಕಾಕಾ ಮೆಟ್ಟಿಲಿಳಿದು ಬಂದರು. "ಆಕಿ ಪರೀಕ್ಷಾ ಬರೀಲಿ. ಉಳ್ಳಾಗಡ್ಡಿ ನಾ ಹೆಚ್ಚತೀನಿ."

ಹೆಚ್ಚಿದರು ಕೂಡ, ನನ್ನ ಡಿಗ್ರಿ ಮುಗಿಯುವವರೆಗೆ. ನಮ್ಮ ಮನೆತನದಲ್ಲಿ ಅದೇ ಮೊದಲ ಡಿಗ್ರಿ.

ಆ ವರ್ಷವೇ ಕನ್ನಡಿಗರ ಕೂಟದಲ್ಲಿ ಅವರ ರೈಲನ್ನು ಪ್ರದರ್ಶನಕ್ಕಿಟ್ಟರು. ಅಡುಗೆ ಅಪ್ಪನದು. ಪದಾಧಿಕಾರಿಯೊಬ್ಬರು ಬಗ್ಗಿ ನೋಡಿದರು. ಊಟದ ಬೋಗಿಯಲ್ಲಿ ಬಿಳಿ ಕೋಟಿನ ಕಪ್ಪುವರ್ಣೀಯ ಮಾಣಿಗಳ ಪುಟ್ಟ ಗೊಂಬೆಗಳು ಮೇಜಿಗೆ ಕೂತು ಉಣ್ಣುತ್ತಿದ್ದವು. ಆ ಕಾಲದಲ್ಲಿ ಇವರು ಬರೀ ಬಡಿಸುತ್ತಿದ್ದರು, ಅತಿಥಿಗಳು ನಗುತ್ತಾರೆ, ಎಬ್ಬಿಸಿ ನಿಲ್ಲಿಸಿ, ಇಲ್ಲವೇ ರೈಲು ತೆಗೆಯಿರಿ ಎಂದರು.

"ಅಲ್ಲೆ ಕುಂದರಸ್ತಿದ್ದಿಲ್ಲ, ಗೊತ್ತದ್ರಿ. ಅದಕ್ಕs ಇಲ್ಲೆ ಕುಂದರ್ಸೀನಿ."

ಕಾಕಾ ಒಂದೊಂದೇ ಬೋಗಿಯನ್ನು ಟವೆಲಿನಲ್ಲಿ ಸುತ್ತಿದರು. ನೇರ ಊಟದ ಪಂಕ್ತಿಗೆ ಬಂದರು. ಬಡಿಸುವವರು ಎಲ್ಲರ ಊಟವಾದ ಮೇಲೆ ಉಣ್ಣುವುದು ನಮ್ಮಲ್ಲಿ ರೂಢಿ. ಸಾರು ಬಡಿಸುತ್ತಿದ್ದ ಅಪ್ಪನಿಗೆ ಕಾಕಾ ಕುರ್ಚಿ ಎಳೆದರು.

"ಕೂಡ್ರಿ. ನೀವು ಕುಂತರ ನಾ ಉಣ್ತೀನಿ."

"ಬೇಡ ಮಾರಾಯ್ರೆ, ಮುಂದಿನ ಆರ್ಡರ್ ಹೋದೀತು."

ಪದಾಧಿಕಾರಿಗಳು ನೋಡುತ್ತಲೇ ಇದ್ದರು. ನಾನು ಅಪ್ಪನ ಕೈಯಿಂದ ಸಾರಿನ ಬಕೆಟ್ ಕಿತ್ತುಕೊಂಡು ಬಡಿಸತೊಡಗಿದೆ. ಅಪ್ಪ ಕೂತರು. ಮೊದಲ ಪಂಕ್ತಿಯಲ್ಲಿ, ಬಿಸಿ ಅನ್ನಕ್ಕೆ.

ಆ ಕೂಟದ ಆರ್ಡರು ಮತ್ತೆ ಬರಲಿಲ್ಲ. ಅಪ್ಪ ಅದನ್ನು ಹೇಳಿ ಕೊರಗಿದ್ದನ್ನು ನಾನಂತೂ ಕೇಳಿಲ್ಲ.

ಕಳೆದ ವರ್ಷ ರಜೆಗೆಂದು ಊರಿಗೆ ಹೋದ ಕಾಕಾ ಅಲ್ಲೇ ತೀರಿಕೊಂಡರು. ಹೊರಡುವ ಮುನ್ನ ಊಟದ ಬೋಗಿಯನ್ನು ನನ್ನ ಕೈಗಿತ್ತಿದ್ದರು. ಅಲ್ ಹೈಲ್‌ನ ಈಗಿನ ನಮ್ಮ ಮನೆಯಲ್ಲಿ, ನನ್ನ ಡಿಗ್ರಿಯ ಸರ್ಟಿಫಿಕೇಟಿನ ಪಕ್ಕದಲ್ಲೇ ಅದನ್ನಿಟ್ಟಿದ್ದೇನೆ. ರೈಲುಗಳ ಬಗ್ಗೆ ತಿಳಿದ ಯಾರಾದರೂ ಬಂದರೆ, ಮಾಣಿಗಳು ಕೂತಿರುವುದು ತಪ್ಪಲ್ಲವೇ ಎಂದು ಕೇಳುತ್ತಾರೆ.

ಗೊತ್ತು ಎನ್ನುತ್ತೇನೆ. ಅವರಿಗೆ ಸರಿಯಾಗಿ ಕಾಣಲೆಂದು ಬೋಗಿಯ ದೀಪ ಹಾಕುತ್ತೇನೆ.