ಮುಯ್ಯಾಳಿಗೆ ಬಿದ್ದ ಸಸ್ಪೆನ್ಷನ್

ಎಂ.ಎಸ್ಸಿ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಹಿಂದೆ ಓದಿದ ಕಡೆ ನಿಮ್ಮ ಮೇಲೆ ಶಿಸ್ತುಕ್ರಮ ಆಗಿದೆಯೇ? ಆಗಿತ್ತು. ಒಂದು ಸೆಮಿಸ್ಟರ್ ಸಸ್ಪೆಂಡ್ ಆಗಿದ್ದೆ. ಹೌದು ಎಂದು ಬರೆದರೆ ಸೀಟು ಕೈತಪ್ಪಬಹುದಿತ್ತು.

"ಇಲ್ಲ ಅಂತ ಬರ್ದ್ಬುಡವ್ವ," ಎಂದ ದೊಡ್ಡಪ್ಪ. "ಅಲ್ಲಿಂದ ಯಾವನು ಆಲೂರ್ಗಂಟ ಬಂದು ಕೇಳ್ತಾನೆ?"

ದುಬಾರಿ ಅರೇಬಿಕಾ ಕಾಫಿಯ ಚೀಲದ ನಡುವೆ ಅಗ್ಗದ ರೋಬಸ್ಟಾ ತುಂಬಿ ಮಾರುವ ಮನುಷ್ಯ ಅವನು. ಜಗತ್ತೆಲ್ಲ ಚೀಲದ ಬಾಯಿಯನ್ನಷ್ಟೇ ನೋಡುತ್ತದೆ ಎಂದು ನಂಬಿದ್ದ. ಅವನ ಬುದ್ಧಿವಾದ ಕೇಳಿ ನನಗೆ ಹೇಸಿಗೆಯಾಯಿತು.

ನನ್ನ ತಪ್ಪಾದರೂ ಎಂಥದ್ದು! ನಮ್ಮ ಕಡೆ ಸಣ್ಣ ತೋಟದವರಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಿಮ್ಮ ಕಾಫಿ ಕುಯ್ಲಿಗೆ ನಾವು ಬಂದರೆ ನಾಳೆ ನಮ್ಮದಕ್ಕೆ ನೀವು ಬರಬೇಕು. ಕೂಲಿಯ ಮಾತೇ ಇಲ್ಲ. ಬಿ.ಎಸ್ಸಿ. ಓದುವಾಗ ವನಗೂರು ಕಡೆಯ ಗೆಳತಿಯೊಬ್ಬಳು ನನ್ನ ರೂಮಿನಲ್ಲಿದ್ದಳು. ನಮ್ಮ ಮನೆಯ ಕುಯ್ಲಿಗೆ ನಾನು ಹೋದಾಗ ನನ್ನ ಲ್ಯಾಬ್ ರೆಕಾರ್ಡನ್ನು ಅವಳು ಬರೆದಳು. ಅವಳ ಮನೆಯಲ್ಲಿ ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗತೊಡಗಿದಾಗ ಅವಳು ಊರಿಗೆ ಹೋದಳು, ಅವಳದನ್ನು ನಾನು ಬರೆದೆ. ಅದು ನಕಲು ಅಂತ ನಮಗೆ ಹೊಳೆಯಲೇ ಇಲ್ಲ. ಲೆಕ್ಚರರ್ ಅವಳ ರೆಕಾರ್ಡಿನ ಅಕ್ಷರ ನೋಡಿ ಕೇಳಿದಾಗ, "ನಾನೇ ಬರೆದದ್ದು ಸರ್," ಎಂದು ಹೆಮ್ಮೆಯಿಂದಲೇ ಹೇಳಿದೆ.

ಶಿಸ್ತು ಸಮಿತಿಯಲ್ಲಿ ಕೂತವರು ಮಹಾನುಭಾವರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಯಾವ ಕಾಲದ್ದೋ ಹಳದಿ ತಿರುಗಿದ ನೋಟ್ಸನ್ನು ವರ್ಷವರ್ಷವೂ ಓದಿ ಬರೆಸುವವರು ನಮಗೆ ಸ್ವಂತಿಕೆಯ ಬಗ್ಗೆ ಉಪದೇಶ ಮಾಡಿದರು. ಇಬ್ಬರನ್ನೂ ಒಂದು ಸೆಮಿಸ್ಟರ್ ಹೊರಗೆ ಹಾಕಿದರು. ಅದು ಮುಗಿದ ಮೇಲೆ ನಾನು ಕಾಲೇಜಿಗೆ ಮರಳಿ ಹೋದೆ. ಗೆಳತಿಯ ಮನೆಯವರು ಅವಳ ಓದು ಅಲ್ಲಿಗೇ ಸಾಕು ಎಂದರು.

ಅರ್ಜಿಯಲ್ಲಿ ಹೌದು ಎಂದೇ ಬರೆದೆ. ಮುಯ್ಯಾಳು ಎಂದರೇನು ಎಂದೂ ವಿವರಿಸಿದೆ. ದೊಡ್ಡಪ್ಪ, "ಓದ್ದೋರ್ಗೆ ಬುದ್ಧಿ ಕಮ್ಮಿ ಕಣ್ರೀ," ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಸಂದರ್ಶನದಲ್ಲಿ ಹಿರಿಯ ಪ್ರೊಫೆಸರೊಬ್ಬರು ನನ್ನ ವಿವರಣೆ ಓದಿ ನಕ್ಕರು. "ಇದೆಲ್ಲ ಬೇಡಮ್ಮ. ಆ ಹುಡುಗಿ ನಿನ್ನನ್ನ ಉಪಯೋಗಿಸಿಕೊಂಡಳು, ಅಷ್ಟೇ ತಾನೇ?"

ಆ ನಗು ಕಂಡು ಮೈಯೆಲ್ಲ ಉರಿಯಿತು. ಏನು ಹೇಳಿದರೆ ಸೀಟು ಸಿಗುತ್ತದೆ ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು.

"ಹೌದು ಸರ್," ಎಂದೆ. ಅವರು ತಲೆದೂಗಿದರು.

ಸೀಟು ಸಿಕ್ಕಿತು. ದೊಡ್ಡಪ್ಪ ಈಗ ಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ನಮ್ಮುಡ್ಗಿ ನಿಜ ಹೇಳೇ ಸೀಟ್ ತಗಂಡ್ಲು ಕಣ್ರೀ, ನಮ್ಮನೇಲಿ ಸುಳ್ಳು ಅನ್ನೋದೇ ಇಲ್ಲ," ಎಂದು ಮೀಸೆ ತಿರುವುತ್ತಾನೆ. ಅವನನ್ನು ಕಂಡರೆ ನನಗೆ ಈಗಲೂ ಹೇಸಿಗೆಯೇ, ಆದರೆ ಎದುರು ನಿಂತು ಬೈಯಲು ಬಾಯಿ ಬರುವುದಿಲ್ಲ.

ಸುದ್ದಿ ತಿಳಿದು ಗೆಳತಿ ಫೋನ್ ಮಾಡಿದಳು. ಖುಷಿಗೆ ಕಿರುಚಿದಳು. ಆಮೇಲೆ ಸ್ವಲ್ಪ ಹಿಂಜರಿದು, "ನನ್ ವಿಷ್ಯ ಏನಾರ ಕೇಳಿದ್ರೇನೆ?" ಎಂದಳು.

"ಇಲ್ಲ ಕಣೆ," ಎಂದೆ.